ಎದುರಾಳಿಯಿಂದ ಬಾಲ್ ಕಿತ್ತುಕೊಳ್ಳುವುದು ಹೇಗೆ: ಅಮೆರಿಕನ್ ಕಾಲೇಜು ಫುಟ್‌ಬಾಲ್ ಡಿಫೆನ್ಸ್‌ಗೆ ಒಂದು ಮಾರ್ಗದರ್ಶಿ

2023ರ ಅಕ್ಟೋಬರ್ 14ರಂದು ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡ ಯುಎಸ್‌ಸಿಯನ್ನು (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) 48–20ರಿಂದ ಸೋಲಿಸಿತು. ಯುಎಸ್‌ಸಿ ಆ ಸೀಸನ್‌ನಲ್ಲಿ ಅಲ್ಲಿಯವರೆಗೆ ಒಂದೂ ಪಂದ್ಯ ಸೋತಿರಲಿಲ್ಲ. ಅವರ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವವ) ಕೇಲಬ್ ವಿಲಿಯಮ್ಸ್ ಹಿಂದಿನ ವರ್ಷವಷ್ಟೇ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದವರು. ಬರೀ ಸ್ಕೋರ್ ನೋಡಿದವರಿಗೆ ನೋಟರ್ ಡೇಮ್‌ನ ಆಫೆನ್ಸ್ (ಬಾಲ್ ಹಿಡಿದು ಮುನ್ನುಗ್ಗುವ ಪಡೆ) ಅಬ್ಬರಿಸಿರಬೇಕು ಅನಿಸುತ್ತದೆ. ಹಾಗೇನೂ ಆಗಲಿಲ್ಲ. ಬಾಲ್ ಮುಂದೊಯ್ದ ಗಜಗಳ ಲೆಕ್ಕದಲ್ಲಿ ಯುಎಸ್‌ಸಿಯೇ ಮುಂದಿತ್ತು. ಆದರೆ ಅದು ಐದು ಸಲ ಬಾಲ್ ಕಳೆದುಕೊಂಡಿತು. ವಿಲಿಯಮ್ಸ್ ಮೊದಲರ್ಧದಲ್ಲೇ ಮೂರು ಇಂಟರ್ಸೆಪ್ಷನ್ ಕೊಟ್ಟರು, ಅಂದರೆ ಅವರ ಮೂರು ಪಾಸ್‌ಗಳನ್ನು ಎದುರಾಳಿಗಳು ಹಿಡಿದರು. ನೋಟರ್ ಡೇಮ್‌ನ ಸೇಫ್ಟಿ (ಡಿಫೆನ್ಸ್‌ನಲ್ಲಿ ತೀರ ಹಿಂದೆ ನಿಲ್ಲುವವ) ಝೇವಿಯರ್ ವಾಟ್ಸ್ ಎರಡು ಪಾಸ್ ಹಿಡಿದರು. ಅದೂ ಸಾಲದು ಅಂತ ಒಂದು ಫಂಬಲ್ (ಹಿಡಿದವನ ಕೈಯಿಂದ ಉದುರಿದ ಬಾಲ್) ಎತ್ತಿಕೊಂಡು ಓಡಿ, ಎದುರಾಳಿಯ ಗೋಲ್ ಗೆರೆ ದಾಟಿ ಟಚ್‌ಡೌನ್ ಮಾಡಿದರು.

ಇಂಥ ಪಂದ್ಯ ನೋಡಿದ ಮೇಲೆ ಮನೆಯಲ್ಲಿ ಯಾರಾದರೊಬ್ಬರು "ಅದೃಷ್ಟ ಬಿಡಿ" ಅಂದೇ ಅನ್ನುತ್ತಾರೆ. ಅರ್ಧ ನಿಜ. ಬಾಲ್ ನೆಲಕ್ಕೆ ಬಿದ್ದ ಮೇಲೆ ಯಾವ ಕಡೆಗೆ ಪುಟಿಯುತ್ತದೆ ಅಂತ ಯಾವ ಕೋಚ್ ಕೂಡ ಹೇಳಲಾರ. ಅದರ ಆಕಾರವೇ ಹಾಗಿದೆ. ಆದರೆ ಪಂದ್ಯದಲ್ಲಿ ಅದು ಎಷ್ಟು ಸಲ ನೆಲಕ್ಕೆ ಬೀಳುತ್ತದೆ, ಎಷ್ಟು ಪಾಸ್‌ಗಳಿಗೆ ನಿಮ್ಮವರ ಕೈ ತಾಗುತ್ತದೆ ಅನ್ನೋದು ಖಂಡಿತ ನಿಮ್ಮ ಕೈಯಲ್ಲಿದೆ. ಈ ಲೇಖನ ಪೂರ್ತಿ ಆ ಒಂದು ವಿಷಯದ ಬಗ್ಗೆ. ಅಮೆರಿಕದಲ್ಲಿ ಮಗ ಹೈಸ್ಕೂಲ್ ತಂಡದಲ್ಲಿ ಸೇಫ್ಟಿ ಆಡುತ್ತಿರಬಹುದು, ನೀವೇ ಕಾಲೇಜು ತಂಡಕ್ಕೆ ಕೈಜೋಡಿಸುತ್ತಿರಬಹುದು, ಅಥವಾ ಸುಮ್ನೆ ಶನಿವಾರ ಟಿವಿ ಮುಂದೆ ಕೂರುವವರಿರಬಹುದು. ಮೂವರಿಗೂ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ಮೊದಲು ಎಣಿಸುವ ರೀತಿ ಬದಲಿಸಿ

ಹೆಚ್ಚಿನ ತಂಡಗಳು ಟರ್ನೋವರ್ (ಎದುರಾಳಿಯಿಂದ ಕಿತ್ತ ಬಾಲ್) ಎಷ್ಟು ಬಂತು ಅಂತ ಮಾತ್ರ ಬರೆದಿಡುತ್ತವೆ. ಅದರಿಂದ ಏನೂ ಗೊತ್ತಾಗಲ್ಲ. ನೆಲಕ್ಕೆ ಬಿದ್ದ ಫಂಬಲ್‌ಗಳಲ್ಲಿ ಡಿಫೆನ್ಸ್‌ಗೆ ಸಿಗುವುದು ದೀರ್ಘಕಾಲದಲ್ಲಿ ಹೆಚ್ಚುಕಡಿಮೆ ಅರ್ಧ. ಡಿಫೆನ್ಸ್ ಕೈ ತಾಗಿಸಿದ ಪಾಸ್‌ಗಳಲ್ಲಿ ಇಂಟರ್ಸೆಪ್ಷನ್ ಆಗುವುದು ಸುಮಾರು ಐದರಲ್ಲಿ ಒಂದು. ಉಳಿದವು ಕೆಳಗೆ ಬೀಳುತ್ತವೆ.

ಹಾಗಾಗಿ ಪ್ರತಿ ಪಂದ್ಯಕ್ಕೂ ಮೂರು ಸಾಲು ಬರೆಯಿರಿ. ಕೈ ತಾಗಿದ ಪಾಸ್ ಎಷ್ಟು? ಬಾಲ್ ಹಿಡಿದವನ ಕೈಯಿಂದ ಉದುರಿಸಿದ್ದು ಎಷ್ಟು ಸಲ? ಕ್ವಾರ್ಟರ್‌ಬ್ಯಾಕ್ ಎಸೆಯುವ ಹೊತ್ತಿಗೆ ಅವನಿಗೆ ಡಿಕ್ಕಿ ಹೊಡೆದದ್ದು ಎಷ್ಟು ಸಲ? ಒಂದು ಸೀಸನ್‌ನಲ್ಲಿ ನಿಮ್ಮವರು 60 ಪಾಸ್ ಮುಟ್ಟಿ ಆರು ಮಾತ್ರ ಹಿಡಿದಿದ್ದರೆ ಗಾಬರಿ ಬೇಡ. ಹನ್ನೆರಡರ ಹತ್ತಿರ ಬರಬೇಕಿತ್ತು, ಬಂದಿಲ್ಲ, ಮುಂದಿನ ವರ್ಷ ಬಂದೀತು. ಅದೇ 25 ಮುಟ್ಟಿ ಹತ್ತು ಹಿಡಿದಿದ್ದರೆ ಹಿಗ್ಗಬೇಡಿ. ಅದು ಮರುವರ್ಷ ಉಳಿಯುವ ಲೆಕ್ಕ ಅಲ್ಲ.

ಇನ್ನೊಂದು ಸಣ್ಣ ವಿಷಯ. ನಾಲ್ಕನೇ ಡೌನ್‌ನಲ್ಲಿ (ಹತ್ತು ಗಜ ಮುಂದೊಯ್ಯಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಕೊನೆಯದು) ಎದುರಾಳಿಯನ್ನು ತಡೆದು ಬಾಲ್ ಪಡೆದರೆ ಅದು ಅಂಕಿಅಂಶದ ಟರ್ನೋವರ್ ಲೆಕ್ಕಕ್ಕೆ ಸೇರುವುದಿಲ್ಲ. ಆದರೂ ಬೆಲೆ ಅಷ್ಟೇ. ನಿಮ್ಮ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಇರಲಿ.

ಹೆಜ್ಜೆ 2: ಕ್ವಾರ್ಟರ್‌ಬ್ಯಾಕ್‌ಗೆ ಪುರುಸೊತ್ತು ಕೊಡಬೇಡಿ

ಟೆಸ್ಟ್ ಸ್ಕೋರ್‌ಕಾರ್ಡ್‌ಗಳಲ್ಲಿ "ಕ್ಯಾಚ್ ದ್ರಾವಿಡ್, ಬೌಲ್ಡ್ ಕುಂಬ್ಳೆ" ಅನ್ನೋದು 55 ಸಲ ಬರುತ್ತದೆ. ಸ್ಲಿಪ್‌ನಲ್ಲಿ ದ್ರಾವಿಡ್ ಎಷ್ಟೇ ಚೆನ್ನಾಗಿ ನಿಂತರೂ ಕುಂಬ್ಳೆ ಎಡ್ಜ್ ತೆಗೆಸದಿದ್ದರೆ ಹಿಡಿಯುವುದಕ್ಕೆ ಏನಿರುತ್ತಿತ್ತು? ಇಂಟರ್ಸೆಪ್ಷನ್ ಕೂಡ ಹಾಗೇ. ಹಿಡಿದವನ ಹೆಸರು ಪೇಪರ್‌ನಲ್ಲಿ ಬರುತ್ತದೆ. ಎಸೆಯುವವನ ಕೈ ಅಲುಗಿಸಿದ ಲೈನ್‌ಮನ್ (ಮುಂದಿನ ಸಾಲಿನ ಆಟಗಾರ) ಹೆಸರು ಬರುವುದಿಲ್ಲ.

ಒತ್ತಡದಲ್ಲಿ ಕ್ವಾರ್ಟರ್‌ಬ್ಯಾಕ್ ಮೂರು ತಪ್ಪು ಮಾಡುತ್ತಾನೆ. ಕಾಲು ಊರದೆ ಎಸೆಯುತ್ತಾನೆ, ಆಗ ಬಾಲ್ ಪಾಸ್ ಹಿಡಿಯಬೇಕಾದ ರಿಸೀವರ್‌ನ ತಲೆ ಮೇಲಿಂದ ಹೋಗಿ ಸೇಫ್ಟಿ ಕೈಗೆ ಬೀಳುತ್ತದೆ. ಎರಡನೇ ಆಯ್ಕೆಯನ್ನು ನೋಡದೆ ಮೊದಲನೆಯವನಿಗೇ ಕಳಿಸುತ್ತಾನೆ. ಇಲ್ಲವೇ ಸ್ಯಾಕ್ (ಎಸೆಯುವ ಮೊದಲೇ ಅವನನ್ನು ಕೆಡವುವುದು) ತಪ್ಪಿಸಿಕೊಳ್ಳಲು ಒಂದೇ ಕೈಯಲ್ಲಿ ಬಾಲ್ ಹಿಡಿದು ಓಡುತ್ತಾನೆ. ಈ ಮೂರನೆಯದು ಡಿಫೆನ್ಸ್‌ಗೆ ಹಬ್ಬ.

ಹಾಗಂತ ಪ್ರತಿ ಸಲ ಆರು ಜನರನ್ನು ನುಗ್ಗಿಸಬೇಡಿ. ನಾಲ್ಕೇ ಜನ ನುಗ್ಗಿ ಒತ್ತಡ ಹಾಕಿದರೆ ಹಿಂದೆ ಏಳು ಜನ ಬಾಲ್‌ಗೆ ಕಾಯುತ್ತಿರುತ್ತಾರೆ. ಆರು ಜನ ನುಗ್ಗಿದರೆ ಹಿಂದೆ ಉಳಿಯುವುದು ಐದೇ. ಕ್ವಾರ್ಟರ್‌ಬ್ಯಾಕ್ ತಪ್ಪಾಗಿ ಎಸೆದರೂ ಅಲ್ಲಿ ಹಿಡಿಯಲು ಯಾರೂ ಇರುವುದಿಲ್ಲ. ನಾಲ್ಕು ಜನರಿಂದ ಆಗದಿದ್ದರೆ ಯಾವ ನಾಲ್ಕು ಜನ ಬರುತ್ತಾರೆ ಅನ್ನೋದನ್ನು ಮರೆಮಾಡಿ. ಒಂದು ಕಡೆಯಿಂದ ಲೈನ್‌ಬ್ಯಾಕರ್ (ಲೈನ್‌ಮನ್‌ಗಳ ಹಿಂದೆ ನಿಲ್ಲುವವ) ಬರಲಿ, ಇನ್ನೊಂದು ಕಡೆಯ ಲೈನ್‌ಮನ್ ಹಿಂದೆ ಸರಿದು ಪಾಸ್ ದಾರಿಗೆ ಅಡ್ಡ ನಿಲ್ಲಲಿ. ಲೈನ್‌ಮನ್ ಅಲ್ಲಿ ಇರುತ್ತಾನೆ ಅಂತ ಕ್ವಾರ್ಟರ್‌ಬ್ಯಾಕ್ ಕನಸಲ್ಲೂ ಅಂದುಕೊಂಡಿರುವುದಿಲ್ಲ.

ಅಂಚಿನಿಂದ ನುಗ್ಗುವವರಿಗೆ ಒಂದು ಮಾತು ಪದೇ ಪದೇ ಹೇಳಿ. ಮೈಗಿಂತ ಮೊದಲು ಎಸೆಯುವ ಕೈ ನೋಡು. ಒಂದು ಕೈಯಿಂದ ಅವನನ್ನು ಹಿಡಿ, ಇನ್ನೊಂದು ಕೈಯನ್ನು ಮೇಲಿನಿಂದ ಅವನ ಮೊಣಕೈ ಮೇಲೆ ಇಳಿಸು. ಸ್ಯಾಕ್ ಆದರೆ ಕೆಲವು ಗಜ ಸಿಗುತ್ತದೆ. ಬಾಲ್ ಉದುರಿದರೆ ಪಂದ್ಯವೇ ತಿರುಗಬಹುದು.

ಹೆಜ್ಜೆ 3: ಕಣ್ಣು ಎಲ್ಲಿರಬೇಕು

ಮ್ಯಾನ್ ಕವರೇಜ್‌ನಲ್ಲಿ (ಒಬ್ಬನಿಗೊಬ್ಬ ಕಾವಲು) ಕಾರ್ನರ್‌ಬ್ಯಾಕ್ (ಅಂಚಿನ ಡಿಫೆಂಡರ್) ರಿಸೀವರ್‌ನ ಬೆನ್ನು ಹತ್ತಿ ಓಡುತ್ತಾನೆ. ಅವನ ಬೆನ್ನು ಕ್ವಾರ್ಟರ್‌ಬ್ಯಾಕ್ ಕಡೆಗಿರುತ್ತದೆ. ಬಾಲ್ ಯಾವಾಗ ಹೊರಟಿತು ಅಂತ ಅವನಿಗೆ ಗೊತ್ತೇ ಆಗಲ್ಲ. ಝೋನ್‌ನಲ್ಲಿ (ಪ್ರತಿಯೊಬ್ಬನೂ ತನ್ನ ಜಾಗ ಕಾಯುವುದು) ಹಾಗಲ್ಲ. ಹಿಂದಿರುವ ಅಷ್ಟೂ ಜನರ ಕಣ್ಣು ಎಸೆಯುವವನ ಮೇಲೇ ಇರುತ್ತದೆ. ಅವನ ಭುಜ ತಿರುಗಿದ ಕ್ಷಣಕ್ಕೆ ಎಲ್ಲರೂ ಹೊರಡಬಹುದು. ಅದಕ್ಕೇ ಇಂಟರ್ಸೆಪ್ಷನ್ ಬೇಕು ಅನ್ನುವವರು ಝೋನ್ ಜಾಸ್ತಿ ಆಡಿಸಬೇಕು ಅಂತ ನನ್ನ ಅಭಿಪ್ರಾಯ. ಮ್ಯಾನ್ ಆಡಲೇಬಾರದು ಅಂತಲ್ಲ. ಮ್ಯಾನ್ ತೋರಿಸಿ ಝೋನ್‌ಗೆ ಇಳಿಯುವುದು ಎಲ್ಲಕ್ಕಿಂತ ಚೆನ್ನ.

ಕಾಲೇಜು ಮೈದಾನಕ್ಕೆ ತನ್ನದೇ ಒಂದು ಗುಣ ಇದೆ. ಪ್ಲೇ ಶುರುವಾಗುವುದು ಎರಡು ಹ್ಯಾಶ್ ಗೆರೆಗಳ ಮೇಲೋ ನಡುವೆಯೋ; ಇಲ್ಲಿ ಆ ಗೆರೆಗಳ ನಡುವೆ 40 ಅಡಿ ಅಂತರ. ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ ಮಾತ್ರ. ಹಾಗಾಗಿ ಕಾಲೇಜಿನಲ್ಲಿ ಬಾಲ್ ಹ್ಯಾಶ್ ಮೇಲಿದ್ದರೆ ಮೈದಾನದ ಒಂದು ಬದಿ ತುಂಬಾ ಅಗಲ, ಇನ್ನೊಂದು ಬದಿ ಕಿರಿದು. ಅಗಲದ ಬದಿಯ ಅಂಚಿಗೆ ಎಸೆದ ಪಾಸ್ ಗಾಳಿಯಲ್ಲಿ ಬಹಳ ಹೊತ್ತು ಇರುತ್ತದೆ. ಕೈಯಲ್ಲಿ ಅಷ್ಟೇನೂ ಬಲ ಇಲ್ಲದ ಕ್ವಾರ್ಟರ್‌ಬ್ಯಾಕ್ ಆದರೆ ಅಂಥ ಪಾಸ್‌ಗೆ ನಿಮ್ಮ ಕಾರ್ನರ್‌ಬ್ಯಾಕ್ ಅಡ್ಡ ಹಾರಲೇಬೇಕು.

ಆರ್‌ಪಿಒ ಆಟವೂ (ಓಟವೋ ಪಾಸೋ ಅಂತ ಕ್ವಾರ್ಟರ್‌ಬ್ಯಾಕ್ ಪ್ಲೇ ಶುರುವಾದ ಮೇಲೆ ತೀರ್ಮಾನಿಸುವುದು) ಕಾಲೇಜಿನಲ್ಲೇ ಜಾಸ್ತಿ. ಪಾಸ್ ಆಡುವಾಗಲೂ ಆಫೆನ್ಸ್‌ನ ಲೈನ್‌ಮನ್‌ಗಳು ಮೂರು ಗಜದವರೆಗೆ ಮುಂದೆ ಹೋಗಲು ಇಲ್ಲಿ ಅನುಮತಿ ಇದೆ. ಆರ್‌ಪಿಒದಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬನೇ ಒಬ್ಬ ಡಿಫೆಂಡರ್‌ನನ್ನು ನೋಡುತ್ತಾನೆ, ಹೆಚ್ಚಾಗಿ ಒಬ್ಬ ಲೈನ್‌ಬ್ಯಾಕರ್‌ನನ್ನು. ಅವನು ಓಟ ತಡೆಯಲು ಮುಂದೆ ಬಂದರೆ ಅವನ ಹಿಂದಿನ ಜಾಗಕ್ಕೆ ಪಾಸ್. ಹಾಗಾದರೆ ಆ ಲೈನ್‌ಬ್ಯಾಕರ್ ಏನು ಮಾಡಬೇಕು? ಒಂದೇ ಒಂದು ಹೆಜ್ಜೆ ಮುಂದಿಟ್ಟು, ಬರುವ ಹಾಗೆ ನಟಿಸಿ, ಅದೇ ಉಸಿರಲ್ಲಿ ಹಿಂದೆ ಸರಿದು ಕೈ ಮೇಲೆತ್ತಬೇಕು. ಬಾಲ್ ನೇರ ಎದೆಗೆ ಬರುತ್ತದೆ. ಪಂದ್ಯಕ್ಕೆ ಒಂದೆರಡು ಸಲ ಮಾತ್ರ ಮಾಡಿ. ಜಾಸ್ತಿ ಮಾಡಿದರೆ ಅವರು ಸುಮ್ನೆ ಓಡಿಸುತ್ತಾ ಹೋಗುತ್ತಾರೆ.

ಹೆಜ್ಜೆ 4: ಎದುರಿನವನನ್ನು ಓದಿ

ಪಂದ್ಯಕ್ಕೆ ಮೊದಲು ವಿಡಿಯೋ ನೋಡುವಾಗ ಬಾಲ್ ಹಿಂದೆ ಕಣ್ಣು ಓಡಿಸಬೇಡಿ. ಮೂರನೇ ಡೌನ್, ಏಳು ಗಜಕ್ಕಿಂತ ಜಾಸ್ತಿ ಬೇಕಾದ ಪ್ಲೇಗಳನ್ನು ಮಾತ್ರ ಒಟ್ಟುಮಾಡಿ. ಕ್ವಾರ್ಟರ್‌ಬ್ಯಾಕ್ ಮೊದಲು ಯಾರನ್ನು ನೋಡುತ್ತಾನೆ? ಎಷ್ಟು ಹೊತ್ತು? ಎಡಕ್ಕೆ ಓಡಿಸಿದಾಗ ಎಸೆತ ಕೆಡುತ್ತದಾ? ರನ್ನಿಂಗ್ ಬ್ಯಾಕ್ ಯಾವ ಕೈಯಲ್ಲಿ ಬಾಲ್ ಹಿಡಿಯುತ್ತಾನೆ, ಬದಿ ಬದಲಿಸಿದಾಗ ಕೈ ಬದಲಿಸುತ್ತಾನಾ? ಎಡಬದಿಗೆ ಓಡುವಾಗಲೂ ಬಲಗೈಯಲ್ಲೇ ಹಿಡಿದಿದ್ದರೆ ಬಾಲ್ ನಿಮ್ಮವರ ಕಡೆಗೇ ಇರುತ್ತದೆ.

2024ರಿಂದ ಮೇಲಿನ ಹಂತದ ಕಾಲೇಜು ಪಂದ್ಯಗಳಲ್ಲಿ ಸೈಡ್‌ಲೈನ್‌ನಲ್ಲಿ ಟ್ಯಾಬ್ಲೆಟ್ ಬಳಸಬಹುದು. ಡಿಫೆನ್ಸ್‌ನ ಒಬ್ಬ ಆಟಗಾರನ ಹೆಲ್ಮೆಟ್‌ನಲ್ಲಿ ಕೋಚ್ ಹೇಳುವುದನ್ನು ಕೇಳಲು ರೇಡಿಯೋ ಕೂಡ ಇರಬಹುದು. ಟ್ಯಾಬ್ಲೆಟ್ ಬಂದ ಮೇಲೆ ಎಲ್ಲರೂ ಆಗಷ್ಟೇ ಮಾಡಿದ ತಪ್ಪನ್ನೇ ನೋಡುತ್ತಾ ಕೂರುತ್ತಾರೆ. ಅದರ ಬದಲು ಹಿಂದಿನ ಸರಣಿಯಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಎಲ್ಲಿತ್ತು ಅಂತ ಸೇಫ್ಟಿಗಳಿಗೆ ತೋರಿಸಿ.

ಝೇವಿಯರ್ ವಾಟ್ಸ್ 2023ರಲ್ಲಿ ಏಳು ಇಂಟರ್ಸೆಪ್ಷನ್ ಹಿಡಿದರು. ದೇಶದ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ಬ್ರಾಂಕೊ ನಗುರ್ಸ್ಕಿ ಟ್ರೋಫಿಯೂ ಅವರಿಗೇ ಬಂತು. ಅವರು ನೋಟರ್ ಡೇಮ್‌ಗೆ ಬಂದಿದ್ದು ರಿಸೀವರ್ ಆಗಿ. ಬಾಲ್ ಹಿಡಿಯುವ ಕೈ ಆಗಲೇ ಇತ್ತು. ರಿಸೀವರ್ ತಲೆಯಲ್ಲಿ ಏನು ಓಡುತ್ತಿರುತ್ತದೆ ಅನ್ನೋದೂ ಗೊತ್ತಿತ್ತು. ನಿಮ್ಮ ತಂಡದಲ್ಲಿ ಬೆಂಚ್ ಮೇಲೆ ಕೂತ ನಾಲ್ಕನೇ ರಿಸೀವರ್ ಒಬ್ಬನಿದ್ದರೆ ಒಂದು ಸಲ ಸೇಫ್ಟಿ ಜಾಗದಲ್ಲಿ ನಿಲ್ಲಿಸಿ ನೋಡಿ.

ಹೆಜ್ಜೆ 5: ಗುದ್ದು

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಕಲಿಸಿದರೆ ಬೇಗ ಬರುವ ವಿದ್ಯೆ ಇದು, ಮತ್ತು ಬಹಳ ಜನ ಇದನ್ನು ತಪ್ಪಾಗಿ ಕಲಿಸುತ್ತಾರೆ.

ಲೂಯಿಸಿಯಾನಾ-ಲಫಾಯೆಟ್ ಕಾಲೇಜಿನಿಂದ ಬಂದ ಚಾರ್ಲ್ಸ್ ಟಿಲ್‌ಮನ್ ಅನ್ನುವ ಕಾರ್ನರ್‌ಬ್ಯಾಕ್ ಇದ್ದರು. ಅಡ್ಡಹೆಸರು ಪೀನಟ್. ಎನ್‌ಎಫ್‌ಎಲ್‌ನ ಶಿಕಾಗೊ ಬೇರ್ಸ್‌ಗೆ ಆಡುವಾಗ 2012ರಲ್ಲಿ ಒಂದೇ ಸೀಸನ್‌ನಲ್ಲಿ ಹತ್ತು ಫಂಬಲ್ ಮಾಡಿಸಿದರು. ಟೆನೆಸ್ಸಿ ಟೈಟನ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು. ಇವತ್ತಿಗೂ ಈ ಗುದ್ದಿಗೆ ಎಲ್ಲರೂ "ಪೀನಟ್ ಪಂಚ್" ಅಂತಾರೆ.

ಬಾಲ್ ಹಿಡಿದವನನ್ನು ಹತ್ತಿರದಿಂದ ನೋಡಿ. ಬಾಲ್‌ನ ಮುಂದಿನ ಚೂಪನ್ನು ಬೆರಳುಗಳು ಮುಚ್ಚಿರುತ್ತವೆ. ಹಿಂದಿನ ಚೂಪು ಮೊಣಕೈ ಮಡಿಕೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ಮೈ ಮುಂಗೈಗೆ, ಇನ್ನೊಂದು ಮೈ ಪಕ್ಕೆಲುಬಿಗೆ ಒತ್ತಿಕೊಂಡಿರುತ್ತದೆ. ಈ ನಾಲ್ಕೂ ಗಟ್ಟಿ ಇದ್ದರೆ ಎಳೆದರೂ ಬಾಲ್ ಬರುವುದಿಲ್ಲ. ಆದರೆ ಓಡುವವನು ದಿಕ್ಕು ಬದಲಿಸಿದಾಗ ಮೊಣಕೈ ಪಕ್ಕೆಯಿಂದ ದೂರ ಹೋಗುತ್ತದೆ. ಸುತ್ತಿ ತಪ್ಪಿಸಿಕೊಳ್ಳುವಾಗ, ಇನ್ನೊಂದು ಗಜಕ್ಕೆ ಒದ್ದಾಡುವಾಗ, ಗೋಲ್ ಗೆರೆಗೆ ಕೈ ಚಾಚುವಾಗಲೂ ಹಾಗೇ. ಬೆರಳು ಅಲ್ಲೇ ಇರುತ್ತದೆ, ಹಿಂದಿನ ಚೂಪು ಬಯಲಾಗುತ್ತದೆ. ಗುದ್ದಬೇಕಾದ್ದು ಆ ಚೂಪಿಗೆ. ಮುಷ್ಟಿ ಬಿಗಿಹಿಡಿದು, ಹಿಂದಿನಿಂದ ಮುಂದಕ್ಕೆ, ಸ್ವಲ್ಪ ಕೆಳಗಿನಿಂದ ಮೇಲಕ್ಕೆ. ತೆರೆದ ಕೈಯಿಂದ ಹೊಡೆದರೆ ಬೆರಳು ಮುರಿಯುತ್ತದೆ, ಬಾಲ್ ಅಲ್ಲಾಡಲ್ಲ.

ಈಗ ಕ್ರಮ. ಒಂದು ಕೈ ಮೊದಲು ಅವನ ಸೊಂಟಕ್ಕೋ ಭುಜಕ್ಕೋ ಸುತ್ತಬೇಕು. ಆಮೇಲೆ ಇನ್ನೊಂದು ಕೈಯ ಗುದ್ದು. ಇದನ್ನು ಉಲ್ಟಾ ಮಾಡಿದರೆ ಗುದ್ದು ತಪ್ಪುತ್ತದೆ, ಟ್ಯಾಕಲ್ಲೂ ತಪ್ಪುತ್ತದೆ, ಅವನು 40 ಗಜ ಓಡಿಬಿಡುತ್ತಾನೆ. ಹಿಂದೆ ಯಾರೂ ಇಲ್ಲದ ಕೊನೆಯ ಡಿಫೆಂಡರ್‌ಗೆ ಗುದ್ದುವ ಅಧಿಕಾರವೇ ಇರಬಾರದು. ಅವನ ಕೆಲಸ ಟ್ಯಾಕಲ್, ಅಷ್ಟೇ. ಗುದ್ದಲು ಎಲ್ಲರಿಗಿಂತ ಒಳ್ಳೆಯ ಜಾಗ ಎರಡನೆಯವನಾಗಿ ಬರುವವನದು. ಮೊದಲನೆಯವನು ಹಿಡಿದು ನಿಲ್ಲಿಸಿರುತ್ತಾನೆ, ಓಡುವವನ ಗಮನ ಅವನ ಮೇಲಿರುತ್ತದೆ. ಎರಡನೆಯವನು ಬಾಲ್ ಮಾತ್ರ ನೋಡುತ್ತಾ ಬರಬೇಕು. ತಡಮಾಡಬಾರದು. ಮುಂದೆ ಹೋಗಲಾಗದೆ ನಿಂತುಬಿಟ್ಟ ಅಂತ ರೆಫ್ರಿ ಸೀಟಿ ಊದಿದ ಮೇಲೆ ಬಾಲ್ ಬಿದ್ದರೂ ಪ್ರಯೋಜನ ಇಲ್ಲ.

ಬಾಲ್ ಮೇಲಿನ ಆಸೆಗೆ ತಲೆ ತಗ್ಗಿಸಿ ನುಗ್ಗುವುದನ್ನು ಮಾತ್ರ ಮೊದಲ ದಿನವೇ ನಿಲ್ಲಿಸಿ. ಹೆಲ್ಮೆಟ್‌ನ ನೆತ್ತಿಯಿಂದ ಗುದ್ದಿದರೆ ಟಾರ್ಗೆಟಿಂಗ್. 2013ರಿಂದ ಅದಕ್ಕೆ ಪಂದ್ಯದಿಂದಲೇ ಹೊರಹಾಕುತ್ತಾರೆ. ದ್ವಿತೀಯಾರ್ಧದಲ್ಲಿ ಆದರೆ ಮುಂದಿನ ಪಂದ್ಯದ ಮೊದಲರ್ಧವೂ ಹೋಗಬಹುದು. ಕುತ್ತಿಗೆಗೆ ಬರುವ ಅಪಾಯ ಇದೆಲ್ಲಕ್ಕಿಂತ ದೊಡ್ಡದು. ತಲೆ ಮೇಲೆ, ಕಣ್ಣು ಬಾಲ್ ಮೇಲೆ, ಡಿಕ್ಕಿ ಭುಜದಿಂದ.

ಸೈಡ್‌ಲೈನ್ ಹತ್ತಿರ ಗುದ್ದುವಾಗ ಬಾಲ್ ಒಳಗಡೆಗೆ ಹೋಗುವ ಹಾಗೆ ಗುದ್ದಲು ಕಲಿಸಿ. ಹೊರಗೆ ಹೋದ ಫಂಬಲ್ ಮತ್ತೆ ಅವರಿಗೇ ಸೇರುತ್ತದೆ. ಗೋಲ್ ಗೆರೆ ಹತ್ತಿರ ಇದು ತಿರುಗುಮುರುಗು. ಅವರ ಫಂಬಲ್ ನಿಮ್ಮ ಎಂಡ್ ಝೋನ್ (ಗೋಲ್ ಗೆರೆಯ ಹಿಂದಿನ ಜಾಗ) ದಾಟಿ ಹೊರಗೆ ಹೋದರೆ ಬಾಲ್ ನಿಮ್ಮದು, 20 ಗಜದ ಗೆರೆಯಿಂದ ಆಟ.

ಹೆಜ್ಜೆ 6: ಹನ್ನೊಂದು ಜನವೂ ಬಾಲ್ ಹತ್ತಿರ

ಫಂಬಲ್‌ಗಳು ಹಂಚಿಕೆಯಾಗುವುದು ಅರ್ಧರ್ಧ ಅಂದೆನಲ್ಲ, ಅದು ಸರಾಸರಿ. ಬಿದ್ದ ಬಾಲ್ ಸುತ್ತ ನಿಮ್ಮವರು ಐದು ಜನ, ಅವರು ಇಬ್ಬರು ಇದ್ದರೆ ಆ ಒಂದು ಪ್ಲೇನಲ್ಲಿ ನಿಮಗೇ ಅನುಕೂಲ, ಅಲ್ವಾ? ಅದಕ್ಕೆ ದೂರದ ಕಾರ್ನರ್‌ಬ್ಯಾಕ್ ಕೂಡ ಪ್ರತಿ ಪ್ಲೇನಲ್ಲಿ ಬಾಲ್ ಕಡೆಗೆ ಓಡಬೇಕು. ಬೇಜಾರಿನ ಕೆಲಸ. ಇಪ್ಪತ್ತು ಸಲ ಓಡಿದರೂ ಏನೂ ಸಿಗದಿರಬಹುದು.

ಈ ವಿಷಯದಲ್ಲಿ ಹಟ ಹಿಡಿದವರು ಬೇರ್ಸ್ ಕೋಚ್ ಆಗಿದ್ದ ಲವಿ ಸ್ಮಿತ್. ಅವರ ಅಭ್ಯಾಸದಲ್ಲಿ ನೆಲಕ್ಕೆ ಬಿದ್ದ ಯಾವ ಬಾಲ್ ಆದರೂ, ಹಿಡಿಯದೆ ಬಿಟ್ಟ ಪಾಸ್ ಆದರೂ, ಡಿಫೆನ್ಸ್‌ನವರು ಎತ್ತಿಕೊಂಡು ಓಡಲೇಬೇಕಿತ್ತು. ಟಿಲ್‌ಮನ್ ಬೆಳೆದದ್ದು ಬೇರ್ಸ್‌ನಲ್ಲಿ ಅವರ ಕೈಕೆಳಗೇ. ಆಮೇಲೆ ಸ್ಮಿತ್ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದರು. 2019ರ ಅಕ್ಟೋಬರ್ 19ರಂದು ದೇಶದಲ್ಲಿ ಆರನೇ ಸ್ಥಾನದಲ್ಲಿದ್ದ ವಿಸ್ಕಾನ್ಸಿನ್ ತಂಡ ಇಲಿನಾಯ್‌ನ ಊರಾದ ಶಾಂಪೇನ್‌ಗೆ ಆಡಲು ಬಂತು. ಇಲಿನಾಯ್ 30 ಪಾಯಿಂಟ್‌ಗಳಿಂದ ಸೋಲುತ್ತದೆ ಅಂತ ಬೆಟ್ಟಿಂಗ್‌ನವರ ಲೆಕ್ಕ. ನಾಲ್ಕನೇ ಕ್ವಾರ್ಟರ್‌ನಲ್ಲಿ ವಿಸ್ಕಾನ್ಸಿನ್‌ನ ಜೊನಾಥನ್ ಟೇಲರ್ ಫಂಬಲ್ ಮಾಡಿದರು, ಬಾಲ್ ಇಲಿನಾಯ್‌ಗೆ ಸಿಕ್ಕಿತು. ಆಮೇಲೆ ಇಲಿನಾಯ್‌ನ ಟೋನಿ ಆಡಮ್ಸ್ ಅವರ ಒಂದು ಪಾಸ್ ಹಿಡಿದರು. ಕೊನೆಯ ಕ್ಷಣದ ಫೀಲ್ಡ್ ಗೋಲ್‌ನಿಂದ ಇಲಿನಾಯ್ 24–23ರಿಂದ ಗೆದ್ದಿತು. ಪ್ರತಿಭೆಯಲ್ಲಿ ಹಿಂದಿರುವ ತಂಡಕ್ಕೆ ಗೆಲ್ಲಲು ಇರುವ ದಾರಿ ಹೆಚ್ಚುಕಡಿಮೆ ಇದೊಂದೇ.

ಹೆಜ್ಜೆ 7: ಬಿದ್ದ ಬಾಲ್: ಎತ್ತುವುದೋ, ಮೇಲೆ ಬೀಳುವುದೋ

ಎನ್‌ಎಫ್‌ಎಲ್‌ನಲ್ಲಿ ಬಾಲ್ ಮೇಲೆ ಬಿದ್ದವನನ್ನು ಯಾರೂ ಮುಟ್ಟದಿದ್ದರೆ ಎದ್ದು ಓಡಬಹುದು. ಕಾಲೇಜಿನಲ್ಲಿ ಆಗಲ್ಲ. ಬಾಲ್ ಕೈಗೆ ಬಂದ ಮೇಲೆ ಮೊಣಕಾಲು ನೆಲಕ್ಕೆ ತಾಗಿತೋ, ಪ್ಲೇ ಮುಗಿಯಿತು. ಹಾಗಾಗಿ ಇಲ್ಲಿ ಮೊದಲೇ ತೀರ್ಮಾನ ಬೇಕು. ನಾನು ಒಪ್ಪುವ ನಿಯಮ ಸರಳ: ಸುತ್ತ ಎದುರಾಳಿ ಯಾರೂ ಇಲ್ಲದಿದ್ದರೆ ಸೊಂಟ ಬಗ್ಗಿಸಿ, ಎರಡೂ ಕೈ ಕೆಳಗಿಟ್ಟು ಎತ್ತು. ಗುಂಪಿದ್ದರೆ ಪಕ್ಕಕ್ಕೆ ಒರಗಿ ಬಿದ್ದು, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಬಾಲನ್ನು ಒಳಗೆ ಮುಚ್ಚಿಕೋ. ನೇರ ಹೊಟ್ಟೆ ಮೇಲೆ ಬಿದ್ದರೆ ಬಾಲ್ ಜಾರುತ್ತದೆ, ಉಸಿರೂ ಕಟ್ಟುತ್ತದೆ.

ಹೆಜ್ಜೆ 8: ಪಾಸ್ ಹಿಡಿಯುವುದು, ಹಿಡಿದ ಮೇಲೆ

ಡಿಫೆನ್ಸ್‌ನವರು ಬಾಲ್ ಬಿಡುವುದಕ್ಕೆ ಮುಖ್ಯ ಕಾರಣ ಅಭ್ಯಾಸವೇ ಇಲ್ಲದಿರುವುದು. ರಿಸೀವರ್‌ಗಳು ದಿನಕ್ಕೆ ನೂರಾರು ಹಿಡಿಯುತ್ತಾರೆ, ಇವರು ಹತ್ತು ಹಿಡಿದರೆ ಹೆಚ್ಚು. ಅಭ್ಯಾಸಕ್ಕೆ ಮೊದಲು ಪ್ರತಿಯೊಬ್ಬನೂ ಒಂದಿಷ್ಟು ಹಿಡಿದೇ ಬರಲಿ. ಮುಂದೆ ನಿಂತವನು ತಟ್ಟಿ ದಿಕ್ಕು ತಪ್ಪಿಸಿದ ಬಾಲನ್ನು ಹಿಂದಿನವನು ಹಿಡಿಯುವ ಡ್ರಿಲ್ ಬಿಡಬೇಡಿ. ಬಾಲ್ ಎದೆಗೆ ಇಳಿಯುವವರೆಗೆ ಕಾಯದೆ ಹಾರಿ ಎತ್ತರದಲ್ಲೇ ಹಿಡಿಯಲಿ. ಸೈಡ್‌ಲೈನ್‌ನಲ್ಲಿ ಒಂದು ಕಾಲು ಒಳಗಿದ್ದರೆ ಕಾಲೇಜಿನಲ್ಲಿ ಸಾಕು. ಎರಡು ಬೇಕಾಗುವುದು ಎನ್‌ಎಫ್‌ಎಲ್‌ನಲ್ಲಿ.

ಹಿಡಿದ ಕೂಡಲೇ ಹತ್ತಿರದವರೆಲ್ಲ ಒಂದು ಗುರುತಿನ ಮಾತು ಕೂಗಬೇಕು. ಬಹಳ ತಂಡಗಳಲ್ಲಿ ಅದು "ಆಸ್ಕಿ". ಕೇಳಿದ ತಕ್ಷಣ ಎಲ್ಲರೂ ತಿರುಗಿ ಬ್ಲಾಕ್ ಮಾಡಲು ಹೊರಡುತ್ತಾರೆ. ಹತ್ತಿರದವನು ತಡೆಯಬೇಕಾದ್ದು ಆ ಪಾಸ್ ಯಾರಿಗೆ ಹೊರಟಿತ್ತೋ ಆ ರಿಸೀವರ್‌ನನ್ನು. ಮೊದಲು ಟ್ಯಾಕಲ್ ಮಾಡಲು ಬರುವವನು ಅವನೇ. ಬೆನ್ನಿಗೆ ತಳ್ಳಬೇಡಿ. ಪೆನಾಲ್ಟಿಗೆ ಒಳ್ಳೊಳ್ಳೆ ಟಚ್‌ಡೌನ್‌ಗಳು ಹೋಗಿವೆ.

ಒಂದು ಕಡೆ ಮಾತ್ರ ಹಿಡಿಯಲೇಬಾರದು. ನಾಲ್ಕನೇ ಡೌನ್‌ನಲ್ಲಿ ಅವರು ದೂರಕ್ಕೆ ಎಸೆದಾಗ ತಟ್ಟಿ ಬೀಳಿಸಿ. ಪ್ಲೇ ಶುರುವಾದ ಜಾಗದಲ್ಲೇ ನಿಮಗೆ ಬಾಲ್ ಸಿಗುತ್ತದೆ. ಹಿಡಿದರೆ 30 ಗಜ ಹಿಂದೆ ಸಿಗುತ್ತದೆ. ಅಂಕಿಅಂಶದ ಆಸೆಗೆ ಹಿಡಿಯುವ ಹುಡುಗರು ಎಲ್ಲ ತಂಡದಲ್ಲೂ ಇರುತ್ತಾರೆ.

ಹೆಜ್ಜೆ 9: ವಾರದಲ್ಲಿ ಇದಕ್ಕೆಲ್ಲ ಸಮಯ ಎಲ್ಲಿ

ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ನಿಯಮದಲ್ಲಿ ಸೀಸನ್ ವೇಳೆ ವಾರಕ್ಕೆ 20 ಗಂಟೆ ಮಾತ್ರ. ಪ್ರತಿ ಅಭ್ಯಾಸದ ಶುರುವಿನಲ್ಲಿ ಹತ್ತು ನಿಮಿಷ ಇಡಿ. ನಾಲ್ಕು ಮೂಲೆಯಲ್ಲಿ ನಾಲ್ಕು ಕೆಲಸ: ಗುದ್ದು, ತಟ್ಟಿದ ಬಾಲ್, ಬಿದ್ದ ಬಾಲ್, ಕ್ವಾರ್ಟರ್‌ಬ್ಯಾಕ್ ಕೈ. ಪೂರ್ತಿ ಟ್ಯಾಕಲ್ ಬೇಕಿಲ್ಲ. ಹಿಡಿದು ನಿಲ್ಲಿಸಿ ಗುದ್ದಿದರೆ ಸಾಕು, ಯಾರಿಗೂ ಪೆಟ್ಟಾಗುವುದಿಲ್ಲ. ನಿಮ್ಮದೇ ಆಫೆನ್ಸ್ ಕೋಚ್ ಗೊಣಗುತ್ತಾರೆ, ನಮ್ಮ ಹುಡುಗರ ಬಾಲ್ ಉದುರಿಸುತ್ತೀರಿ ಅಂತ. ಗೊಣಗಲಿ. ಅವರ ಹುಡುಗರೂ ಬಾಲ್ ಗಟ್ಟಿ ಹಿಡಿಯಲು ಕಲಿಯುತ್ತಾರೆ.

ಹಾಗಾದರೆ ಬಹುಮಾನ? 2017ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ತಂಡ ಟರ್ನೋವರ್ ಮಾಡಿದವನ ಕೊರಳಿಗೆ ದಪ್ಪ ಚಿನ್ನದ ಸರ ಹಾಕಲು ಶುರುಮಾಡಿತು. ಆಗ ಡಿಫೆನ್ಸ್ ನೋಡಿಕೊಳ್ಳುತ್ತಿದ್ದವರು ಮ್ಯಾನಿ ಡಿಯಾಜ್. ಆ ವರ್ಷ ಬಾಲ್‌ಗಳು ರಾಶಿ ರಾಶಿ ಬಂದವು. ದೇಶದ ತುಂಬ ತಂಡಗಳು ಕಿರೀಟ, ಬೆಲ್ಟ್ ಅಂತ ಏನೇನೋ ತಂದವು. 2021ರಲ್ಲಿ ಮಯಾಮಿಯಲ್ಲಿ ಸರ ಇತ್ತು, ಬಾಲ್ ಮಾತ್ರ ಅಷ್ಟಾಗಿ ಸಿಗಲಿಲ್ಲ. ಮರುವರ್ಷ ಕೋಚ್ ಆಗಿ ಬಂದ ಮಾರಿಯೊ ಕ್ರಿಸ್ಟೊಬಾಲ್ ಅದನ್ನು ಕೈಬಿಟ್ಟರು. ಹುಡುಗರಿಗೆ ಖುಷಿ ಆಗುತ್ತದೆ ಅಂದರೆ ಇಟ್ಟುಕೊಳ್ಳಿ. ಆದರೆ ಎರಡನೆಯವನಾಗಿ ಓಡಿ ಬಂದು ಬಾಲ್ ಉದುರಿಸಿದವನಿಗೂ, ಅದು ಎದುರಾಳಿಗೇ ಮರಳಿ ಸಿಕ್ಕಿದ್ದರೂ, ಅದೇ ಬಹುಮಾನ ಕೊಡಿ.

ಇನ್ನು ಫ್ಲ್ಯಾಗ್ ಫುಟ್‌ಬಾಲ್ (ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ಆಟ) ಆಡುವ ಮಕ್ಕಳ ಅಪ್ಪ ಅಮ್ಮಂದಿರಿಗೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿರುವುದು ಈ ಆಟ. ಇದರಲ್ಲಿ ಟ್ಯಾಕಲ್ ಇಲ್ಲ, ಕೈಯಿಂದ ಬಾಲ್ ಕೀಳುವಂತೆಯೂ ಇಲ್ಲ. ಐದು, ಏಳನೇ ಹೆಜ್ಜೆ ಬಿಟ್ಟುಬಿಡಿ. ಕಣ್ಣು, ಓದು, ಹಿಡಿತ ಈ ಮೂರೇ ಉಳಿಯುತ್ತವೆ. ವಾರಕ್ಕೆ ಎರಡು ದಿನ ಹಿತ್ತಲಲ್ಲಿ ತಟ್ಟಿದ ಬಾಲ್ ಹಿಡಿಸುವುದರಿಂದ ಶುರುಮಾಡಿ.